ಆಸಿಯಾನ್ ಒಪ್ಪಂದದ ಪರಿಷ್ಕರಣೆ: ಕಾಳುಮೆಣಸಿನ ಮೂಲದ ನಿಯಮ ಬಿಗಿಯಾಗಲಿ

ಮಾನ್ಯ ಸಂಪಾದಕರಿಗೆ,

ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನೊಂದಿಗೆ ಭಾರತ ಮಾಡಿಕೊಂಡಿರುವ ಸರಕು ವ್ಯಾಪಾರ ಒಪ್ಪಂದದ ಪರಿಷ್ಕರಣೆಯ ಬಗ್ಗೆ ತಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಬರುವ ವರದಿಗಳನ್ನು ನಾನು ತಪ್ಪದೆ ಓದುತ್ತೇನೆ. ಯಾವ ಸರಕಿನ ಮೇಲಿನ ಸುಂಕ ಎಷ್ಟು ಇಳಿಯಬಹುದು, ನಮ್ಮ ವ್ಯಾಪಾರ ಕೊರತೆ ಎಷ್ಟು ಬೆಳೆದಿದೆ ಎಂಬ ಚರ್ಚೆ ಅಲ್ಲಿ ಸಾಕಷ್ಟು ನಡೆದಿದೆ. ಆದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಳುಮೆಣಸು ಬೆಳೆಗಾರರಿಗೆ ಸುಂಕದ ಪಟ್ಟಿಗಿಂತಲೂ ಹತ್ತಿರದಿಂದ ತಟ್ಟುವ ಒಂದು ಭಾಗ ಒಪ್ಪಂದದ ಅನುಬಂಧದಲ್ಲಿದೆ. ಕಸ್ಟಮ್ಸ್ ಕಚೇರಿಗಳಲ್ಲಿ ರೂಲ್ಸ್ ಆಫ್ ಒರಿಜಿನ್ ಎಂದು ಕರೆಯುವ, ನಾವು ಸರಕಿನ ಮೂಲದ ನಿಯಮಗಳು ಎನ್ನಬಹುದಾದ ಈ ಭಾಗವು, ಬಂದರಿಗೆ ಬಂದು ಇಳಿದ ಸರಕು ನಿಜವಾಗಿ ಯಾವ ದೇಶದ್ದು ಎಂದು ತೀರ್ಮಾನಿಸುವ ಅಳತೆಗೋಲು. ಆ ಅಳತೆಗೋಲನ್ನೇ ಬದಲಾಯಿಸುವ ಮಾತು ಈಗ ನಡೆದಿರುವುದರಿಂದ, ಬೆಳೆಗಾರರ ಕಡೆಯಿಂದ ಹೇಳಬೇಕಾದುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದುದಕ್ಕೆ ಕ್ಷಮೆ ಇರಲಿ.

ನಾನು ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದೆ. ತಂದೆಯವರು ತೀರಿಕೊಂಡ ಮೇಲೆ ಮೂಡಿಗೆರೆ ತಾಲ್ಲೂಕಿನ ನಮ್ಮ ನಾಲ್ಕು ಎಕರೆ ತೋಟಕ್ಕೆ ಮರಳಿ, ಕಾಫಿಯ ನಡುವೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳನ್ನು ನೋಡಿಕೊಂಡಿದ್ದೇನೆ. ಹೀಗಾಗಿ ಸರಕು ಯಾವ ದೇಶದ್ದು ಎಂದು ಹೇಳುವ ಮೂಲ ಪ್ರಮಾಣಪತ್ರ ಎಂಬ ಕಾಗದವನ್ನು ನಾನು ಎರಡು ಕಡೆಯಿಂದಲೂ ನೋಡಿದವನು. ಕಚೇರಿಯಲ್ಲಿದ್ದಾಗ ಅದು ಕಡತಕ್ಕೆ ಸೇರಿಸಬೇಕಾದ ಇನ್ನೊಂದು ಹಾಳೆಯಾಗಿತ್ತು. 2018ರಲ್ಲಿ ನಾಲ್ಕು ಚೀಲ ಮೆಣಸನ್ನು ಜೀಪಿಗೆ ಹೇರಿಕೊಂಡು ಪೇಟೆಗೆ ಹೋದಾಗ, ವ್ಯಾಪಾರಿ ಕಾಳನ್ನು ಅಂಗೈಗೆ ಹಾಕಿಕೊಂಡು ನೋಡಿ, ‘ಮಾಲು ಚೆನ್ನಾಗಿದೆ, ಆದರೆ ಹೊರಗಿನ ಮಾಲು ಇದಕ್ಕಿಂತ ಕಡಿಮೆಗೆ ಬಂದು ಬಿದ್ದಿದೆ, ಇದಕ್ಕಿಂತ ಹೆಚ್ಚು ಕೊಡಲಾರೆ’ ಎಂದಾಗ, ಆ ಹಾಳೆಯ ತೂಕ ನನಗೆ ಅರ್ಥವಾಯಿತು. ಅದಕ್ಕೆ ಎರಡು ಮೂರು ವರ್ಷ ಮೊದಲು ಕಿಲೋಗೆ ಏಳುನೂರರ ಆಸುಪಾಸಿನಲ್ಲಿದ್ದ ಬೆಲೆ ಆಗ ನಾನೂರಕ್ಕಿಂತ ಕೆಳಗಿಳಿದಿತ್ತು. ಒಣಗಿಸಿಟ್ಟ ಮೆಣಸು ವರ್ಷಗಟ್ಟಲೆ ಕೆಡದೆ ಇರುವುದರಿಂದ ನಮ್ಮಲ್ಲಿ ಮಗಳ ಮದುವೆಗೆ, ಮನೆ ಕಟ್ಟುವುದಕ್ಕೆ ಎಂದು ಅದನ್ನು ಅಟ್ಟದ ಮೇಲೆ ಇಟ್ಟುಕೊಳ್ಳುವ ಪದ್ಧತಿ ಇದೆ. ಬೆಲೆ ಇಳಿದಾಗ ಆ ವರ್ಷದ ಫಸಲಿನ ಜೊತೆಗೆ ಹಿಂದಿನ ಹಲವು ವರ್ಷಗಳ ಉಳಿತಾಯವೂ ಕರಗುತ್ತದೆ.

ಮೂಲದ ನಿಯಮ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಒಪ್ಪಂದ ಮಾಡಿಕೊಂಡ ದೇಶದ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟರೆ, ಒಪ್ಪಂದದ ಹೊರಗಿರುವ ದೇಶದ ಸರಕೂ ಆ ದೇಶದ ಮೂಲಕ ಹಾದು ಅದೇ ರಿಯಾಯಿತಿಯನ್ನು ಪಡೆಯಲು ನೋಡುತ್ತದೆ. ಅದನ್ನು ತಡೆಯಲು ಪ್ರತಿಯೊಂದು ಒಪ್ಪಂದದಲ್ಲಿಯೂ ಎರಡು ಬಾಗಿಲುಗಳನ್ನು ಇಟ್ಟಿರುತ್ತಾರೆ. ಸರಕು ಪೂರ್ತಿಯಾಗಿ ಆ ದೇಶದಲ್ಲಿಯೇ ಬೆಳೆದದ್ದು, ಅಗೆದದ್ದು ಅಥವಾ ಹಿಡಿದದ್ದಾಗಿದ್ದರೆ ಅದು ಮೊದಲನೆಯ ಬಾಗಿಲಿನಿಂದ ಒಳಬರುತ್ತದೆ. ಹೊರಗಿನಿಂದ ತಂದ ಕಚ್ಚಾ ವಸ್ತುವನ್ನು ಆ ದೇಶದಲ್ಲಿ ಗಣನೀಯವಾಗಿ ಮಾರ್ಪಡಿಸಿದ್ದರೆ ಎರಡನೆಯ ಬಾಗಿಲಿನಿಂದ ಬರುತ್ತದೆ. ‘ಗಣನೀಯವಾಗಿ’ ಎಂದರೆ ಎಷ್ಟು ಎಂಬಲ್ಲಿಯೇ ಎಲ್ಲ ತಕರಾರುಗಳೂ ಹುಟ್ಟುತ್ತವೆ. 2009ರ ಆಗಸ್ಟ್ 13ರಂದು ಬ್ಯಾಂಕಾಕ್‌ನಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬರತೊಡಗಿದ ಆಸಿಯಾನ್ ಒಪ್ಪಂದದ ಉತ್ತರ ಹೀಗಿದೆ: ರಫ್ತಾಗುವ ಸರಕಿಗೆ ಹಡಗಿಗೆ ಹೇರುವವರೆಗೆ ತಗಲುವ ಬೆಲೆಯಲ್ಲಿ (ಎಫ್‌ಒಬಿ) ಕನಿಷ್ಠ ಶೇ 35ರಷ್ಟು ಮೌಲ್ಯ ಒಪ್ಪಂದದ ದೇಶಗಳಲ್ಲಿ ಸೇರಿರಬೇಕು, ಮತ್ತು ಕಚ್ಚಾ ವಸ್ತುವಿನ ಆರಂಕಿಯ ಸುಂಕ ಸಂಕೇತಕ್ಕೂ ಸಿದ್ಧ ಸರಕಿನ ಆರಂಕಿಯ ಸಂಕೇತಕ್ಕೂ ವ್ಯತ್ಯಾಸ ಇರಬೇಕು. ಕಾರಿನ ಬಿಡಿಭಾಗಕ್ಕೂ ಕಾಳುಮೆಣಸಿಗೂ ಇದೇ ಒಂದು ಸಾಮಾನ್ಯ ನಿಯಮ. ಒಂದೊಂದು ಸರಕಿಗೆ ಪ್ರತ್ಯೇಕ ನಿಯಮ ಬರೆಯುವ ಕೆಲಸವನ್ನು ಆಗ ಮುಂದಕ್ಕೆ ಹಾಕಲಾಯಿತು. ಈಗಿನ ಪರಿಷ್ಕರಣೆಯಲ್ಲಿ ಆ ಕೆಲಸಕ್ಕೆ ಅವಕಾಶ ಒದಗಿದೆ, ಮತ್ತು ನಮ್ಮ ಮಟ್ಟಿಗೆ ಇಡೀ ಮಾತುಕತೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ ಎಂದು ನಾನು ತಿಳಿದಿದ್ದೇನೆ.

ಏಕೆಂದರೆ ಮೆಣಸಿನ ವಿಷಯದಲ್ಲಿ ಆ ಸಾಮಾನ್ಯ ನಿಯಮ ಎಷ್ಟು ಸಡಿಲವಾಗಿದೆ ನೋಡಿ. ಸುಂಕದ ಪಟ್ಟಿಯಲ್ಲಿ ಇಡೀ ಕಾಳಿನ ಸಂಕೇತ 0904.11, ಕುಟ್ಟಿದ ಅಥವಾ ಪುಡಿ ಮಾಡಿದ ಮೆಣಸಿನ ಸಂಕೇತ 0904.12. ಎಂದರೆ ಮೆಣಸನ್ನು ಗಿರಣಿಗೆ ಹಾಕಿ ಪುಡಿ ಮಾಡಿದ ಮಾತ್ರಕ್ಕೆ ಆರಂಕಿಯ ಸಂಕೇತ ಬದಲಾಗುತ್ತದೆ. ವಿಶ್ವದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ತಾನು ಬೆಳೆದದ್ದಲ್ಲದೆ ಬ್ರೆಜಿಲ್‌ನಿಂದಲೂ ಮೆಣಸನ್ನು ತರಿಸಿಕೊಂಡು ಸಂಸ್ಕರಿಸಿ ಮಾರುತ್ತದೆ. ಅದು ಅವರ ವ್ಯಾಪಾರ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸಿಯಾನ್‌ಗೆ ಸಂಬಂಧವೇ ಇಲ್ಲದ ಬ್ರೆಜಿಲ್‌ನ ಕಾಳು ಅಲ್ಲಿ ಪುಡಿಯಾಗಿ, ಲೆಕ್ಕದಲ್ಲಿ ಶೇ 35ರ ಮೌಲ್ಯವನ್ನೂ ತೋರಿಸಿಬಿಟ್ಟರೆ, ಈಗಿನ ನಿಯಮದ ಪ್ರಕಾರ ಅದು ಆಸಿಯಾನ್‌ನ ಮೆಣಸೇ ಆಗುತ್ತದೆ. ಒಣಗಿಸುವುದು, ಜರಡಿ ಹಿಡಿಯುವುದು, ದರ್ಜೆ ಮಾಡುವುದು, ಚೀಲ ಬದಲಾಯಿಸುವುದು ಮೂಲವನ್ನು ಬದಲಾಯಿಸುವುದಿಲ್ಲ ಎಂದು ಒಪ್ಪಂದವೇ ಸ್ಪಷ್ಟವಾಗಿ ಹೇಳುತ್ತದೆ. ಪುಡಿ ಮಾಡುವುದರ ಬಗ್ಗೆ ಅಷ್ಟೇ ಸ್ಪಷ್ಟವಾದ ಒಂದು ವಾಕ್ಯ ಸೇರಬೇಕೆಂಬುದು ನಮ್ಮ ಬೇಡಿಕೆ.

ಶೇ 35ರ ಲೆಕ್ಕವೂ ಕಾಣುವಷ್ಟು ಗಟ್ಟಿಯಾದುದಲ್ಲ. ಸೇರಿದ ಮೌಲ್ಯದಲ್ಲಿ ಕೂಲಿ, ಖರ್ಚುಗಳ ಜೊತೆಗೆ ರಫ್ತುದಾರನ ಲಾಭವೂ ಸೇರುತ್ತದೆ. ಹಾಗಾಗಿ ಬಿಲ್ಲಿನಲ್ಲಿ ಬೆಲೆ ಹೆಚ್ಚಿಸಿ ಬರೆದಷ್ಟೂ ಶೇಕಡಾವಾರು ಏರುತ್ತದೆ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹೊರಗಿನ ದೇಶದಿಂದ ಒಂದು ಸಾಂಬಾರ ಪದಾರ್ಥವನ್ನು ಕಿಲೋಗೆ 300 ರೂಪಾಯಿಗೆ ತರಿಸಿ, ಪುಡಿ ಮಾಡಿ, 340 ರೂಪಾಯಿಗೆ ಮಾರಿದರೆ ಸೇರಿದ ಮೌಲ್ಯ 40 ರೂಪಾಯಿ, ಅಂದರೆ ಸುಮಾರು ಶೇ 12, ರಿಯಾಯಿತಿ ಸಿಗುವುದಿಲ್ಲ. ಅದೇ ಸರಕಿಗೆ 510 ರೂಪಾಯಿಯ ಬಿಲ್ ಮಾಡಿದರೆ ಸೇರಿದ ಮೌಲ್ಯ 210 ರೂಪಾಯಿ, ಅಂದರೆ ಶೇ 41. ಸರಕಿನಲ್ಲಿ ಒಂದು ಕಾಳೂ ಬದಲಾಗದೆ ಅದು ಅರ್ಹವಾಗಿಬಿಡುತ್ತದೆ. ಹೆಚ್ಚು ಬರೆದ 170 ರೂಪಾಯಿಯನ್ನು ಬೇರೆ ದಾರಿಯಲ್ಲಿ ಹಿಂದಕ್ಕೆ ಪಡೆಯುವುದು ಕೊಡುವವನಿಗೂ ಕೊಳ್ಳುವವನಿಗೂ ಇರುವ ಹೊಂದಾಣಿಕೆಗೆ ಬಿಟ್ಟದ್ದು.

ಇಲ್ಲಿ ನಮ್ಮದೇ ಒಂದು ರಕ್ಷಣಾ ಕ್ರಮ ನಮಗೆ ತಿರುಗಿಬೀಳುವ ಬಗೆಯನ್ನು ಗಮನಿಸಬೇಕು. ಬೆಳೆಗಾರರ ಒತ್ತಾಯದ ಮೇರೆಗೆ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ಆ ಕ್ರಮಕ್ಕೆ ನಾವು ಇಂದಿಗೂ ಕೃತಜ್ಞರು. ಆದರೆ ಕನಿಷ್ಠ ಬೆಲೆಯ ಗೋಡೆ ನಿಲ್ಲಬೇಕಾದರೆ, ಸುಳ್ಳು ಬೆಲೆ ಬರೆಯುವವನಿಗೆ ಅದರಿಂದ ನಷ್ಟವಾಗಬೇಕು. ಮೇಲಿನ ಉದಾಹರಣೆಯಲ್ಲಿ ಹೆಚ್ಚಾಗಿ ಬರೆದ 170 ರೂಪಾಯಿಯ ಮೇಲೆ ಮೆಣಸಿನ ಸಾಮಾನ್ಯ ಸುಂಕವಾದ ಶೇ 70ನ್ನು ಕಟ್ಟಬೇಕಾಗಿ ಬಂದರೆ 119 ರೂಪಾಯಿ ಆಗುತ್ತದೆ. ಆಸಿಯಾನ್ ಒಪ್ಪಂದದಲ್ಲಿ ಹಂತ ಹಂತವಾಗಿ ಇಳಿದು 2019ರ ಕೊನೆಗೆ ನಿಗದಿಯಾದ ಶೇ 50ರ ಲೆಕ್ಕದಲ್ಲಿ 85 ರೂಪಾಯಿ ಆಗುತ್ತದೆ. ದಕ್ಷಿಣ ಏಷ್ಯಾ ದೇಶಗಳ ನಡುವಿನ ಸಾಫ್ಟಾ ವ್ಯಾಪಾರ ಒಪ್ಪಂದದಡಿ ಶ್ರೀಲಂಕಾದ ಮೆಣಸಿಗೆ ಇರುವ ಶೇ 8ರ ಲೆಕ್ಕದಲ್ಲಿ 14 ರೂಪಾಯಿಯೂ ಆಗುವುದಿಲ್ಲ. ಶ್ರೀಲಂಕಾದೊಂದಿಗಿನ ದ್ವಿಪಕ್ಷೀಯ ಒಪ್ಪಂದದಡಿ ವರ್ಷಕ್ಕೆ 2500 ಟನ್ನಿನವರೆಗೆ ಸುಂಕವೇ ಇಲ್ಲ. ಅಂದರೆ ಸರಕಿನ ಮೂಲವನ್ನು ಸುಳ್ಳು ಹೇಳಿ ದಕ್ಕಿಸಿಕೊಂಡವನಿಗೆ ಬೆಲೆಯನ್ನು ಸುಳ್ಳು ಹೇಳುವುದು ಬಹುತೇಕ ಪುಕ್ಕಟೆ. ಮೂಲದ ಪರಿಶೀಲನೆ ಬಿಗಿಯಾಗದೆ ಕನಿಷ್ಠ ಬೆಲೆಯನ್ನು ಎಷ್ಟು ಏರಿಸಿದರೂ ಪ್ರಯೋಜನ ಅಲ್ಪ ಎಂದು ನಾನು ಹೇಳುವುದಕ್ಕೆ ಇದೇ ಕಾರಣ.

ಶ್ರೀಲಂಕಾದ ಹೆಸರು ಬಂದಾಗ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ತಕರಾರು ಮಾತಳೆ, ಕ್ಯಾಂಡಿಯ ಬೆಳೆಗಾರನ ಮೇಲಲ್ಲ. ಅವನೂ ನಮ್ಮಂತೆಯೇ ಅರ್ಧ ಎಕರೆ, ಒಂದು ಎಕರೆಯಲ್ಲಿ ಬಳ್ಳಿ ಹಬ್ಬಿಸಿಕೊಂಡವನು. ಅವನ ಮೆಣಸಿನ ಖಾರದ ಅಂಶ ಹೆಚ್ಚು ಎಂದು ಸಾರ ತೆಗೆಯುವ ಕಾರ್ಖಾನೆಯವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಬೇರೆ ದೇಶದ ಕಾಳು ಅವನ ದೇಶದ ಹೆಸರು ಹೊತ್ತು ಬಂದಾಗ ಅವನ ಹೆಸರೂ ಕೆಡುತ್ತದೆ, ಅವನಿಗೆ ಸಿಗಬೇಕಾದ ರಿಯಾಯಿತಿಯನ್ನು ಇನ್ನೊಬ್ಬನು ಉಣ್ಣುತ್ತಾನೆ. 2019ರ ಕೊನೆಯಲ್ಲಿ ಶ್ರೀಲಂಕಾ ಸರ್ಕಾರವೇ ಮೆಣಸು, ಅಡಿಕೆ ಮುಂತಾದವನ್ನು ಆಮದು ಮಾಡಿ ಮರುರಫ್ತು ಮಾಡುವುದನ್ನು ನಿಷೇಧಿಸಬೇಕಾಗಿ ಬಂದದ್ದು, ಈ ಕಾಯಿಲೆ ಕಡಲಿನ ಎರಡೂ ದಡಗಳಲ್ಲಿ ನೋವು ಕೊಟ್ಟಿದೆ ಎಂಬುದಕ್ಕೆ ಸಾಕ್ಷಿ. ಬೆಲೆ ಕುಸಿತಕ್ಕೆ ಇದೊಂದೇ ಕಾರಣ ಎಂದೂ ನಾನು ಹೇಳುವುದಿಲ್ಲ. ಆ ವರ್ಷಗಳಲ್ಲಿ ವಿಯೆಟ್ನಾಂನಲ್ಲಿ ಬೆಳೆ ವಿಪರೀತ ಹೆಚ್ಚಿ ಜಗತ್ತಿನಾದ್ಯಂತ ಬೆಲೆ ಇಳಿದಿತ್ತು. ಆ ಇಳಿಕೆಯಿಂದ ನಮ್ಮನ್ನು ಕಾಯಬೇಕಾಗಿದ್ದ ಸುಂಕವು ಮೂಲದ ಸುಳ್ಳಿನಿಂದಾಗಿ ಕೆಲಸಕ್ಕೆ ಬಾರದೆ ಹೋಯಿತು ಎಂಬುದಷ್ಟೇ ನನ್ನ ದೂರು.

ನಿಯಮವನ್ನು ಮುರಿಯದೆಯೂ ಅದರ ಉದ್ದೇಶವನ್ನು ಸೋಲಿಸಬಹುದು ಎಂಬುದಕ್ಕೆ ಇದೇ ಶ್ರೀಲಂಕಾ ಒಪ್ಪಂದದಲ್ಲಿ ಹಳೆಯ ನಿದರ್ಶನವಿದೆ. 1998ರ ಡಿಸೆಂಬರ್ 28ರಂದು ಸಹಿಯಾಗಿ 2000ದ ಮಾರ್ಚ್‌ನಿಂದ ಜಾರಿಗೆ ಬಂದ ಆ ಒಪ್ಪಂದದಲ್ಲಿಯೂ ಶೇ 35ರ ಮೌಲ್ಯ ಸೇರ್ಪಡೆ ಬೇಕು, ಸಂಕೇತ ನಾಲ್ಕಂಕಿಯ ಮಟ್ಟದಲ್ಲಿ ಬದಲಾಗಬೇಕು. ಆಸಿಯಾನ್ ನಿಯಮಕ್ಕಿಂತ ಇದು ಬಿಗಿ. ಆದರೂ ಕೆಲವೇ ವರ್ಷಗಳಲ್ಲಿ ಅಲ್ಲಿ ವನಸ್ಪತಿ ಕಾರ್ಖಾನೆಗಳು ಎದ್ದವು, ಅವುಗಳಲ್ಲಿ ಭಾರತದ ಬಂಡವಾಳವೇ ಬಹಳಷ್ಟಿತ್ತು. ಆಗ ಭಾರತದಲ್ಲಿ ತಾಳೆ ಎಣ್ಣೆಯ ಮೇಲೆ ಭಾರಿ ಸುಂಕವಿತ್ತು, ಶ್ರೀಲಂಕಾದಲ್ಲಿ ಕಡಿಮೆ ಇತ್ತು. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ಅಲ್ಲಿಗೆ ಬಂದು ವನಸ್ಪತಿಯಾದರೆ ಸಂಕೇತ 1511ರಿಂದ 1516ಕ್ಕೆ ಬದಲಾಗುತ್ತದೆ, ಭಾರತಕ್ಕೆ ಸುಂಕವಿಲ್ಲದೆ ಬರುತ್ತದೆ. ತಾಮ್ರದ ಗುಜರಿಯನ್ನು ಕರಗಿಸಿ ಕಳಿಸುವ ಘಟಕಗಳ ಕಥೆಯೂ ಇಂಥದ್ದೇ. ಕೊನೆಗೆ ವನಸ್ಪತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನ ಮಿತಿ ಹಾಕಬೇಕಾಯಿತು. ಆ ಕಾರ್ಖಾನೆಗಳಿಂದ ಶ್ರೀಲಂಕಾದ ರೈತನಿಗೂ ದೊಡ್ಡ ಲಾಭ ಆಗಲಿಲ್ಲ, ಮಿತಿ ಬಂದ ಮೇಲೆ ಅಲ್ಲಿನ ಕಾರ್ಮಿಕರೂ ಕೆಲಸ ಕಳೆದುಕೊಂಡರು. ಸುಂಕದ ವ್ಯತ್ಯಾಸದ ಮೇಲೆಯೇ ನಿಂತ ಉದ್ಯಮ ಯಾವ ದೇಶಕ್ಕೂ ಬಾಳುವ ಆಸ್ತಿಯಲ್ಲ ಎಂಬುದನ್ನು ಸಂಧಾನಕ್ಕೆ ಕೂರುವ ಎರಡೂ ಕಡೆಯವರು ನೆನಪಿಡುವುದು ಒಳ್ಳೆಯದು.

ಅಡಿಕೆಯಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿದೆ. ಅಡಿಕೆಗೆ ಶೇ 100ರ ಸುಂಕವಿದೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಆದರೆ ಈ ಬೆಲೆಯನ್ನು ಆಗ ಅನ್ವಯಿಸಿದ್ದು ಸುಂಕ ಪಟ್ಟಿಯ 8ನೆಯ ಅಧ್ಯಾಯದ ಅಡಿಕೆಗೆ. ಅದೇ ಅಡಿಕೆಯನ್ನು ಬೇಯಿಸಿ ಅಥವಾ ಬೇರೆ ರೀತಿ ಹದಮಾಡಿ ‘ಸುಪಾರಿ’ ಎಂದು 21ನೆಯ ಅಧ್ಯಾಯದಲ್ಲಿ ತೋರಿಸಿದರೆ ಲೆಕ್ಕವೇ ಬೇರೆ. ಬೇಯಿಸಿದ ಅಡಿಕೆ ಯಾವ ಅಧ್ಯಾಯಕ್ಕೆ ಸೇರಿದ್ದು ಎಂಬ ವಿವಾದ ಮುಂಗಡ ತೀರ್ಪು ಪ್ರಾಧಿಕಾರದಿಂದ ಹೈಕೋರ್ಟ್‌ಗಳವರೆಗೂ ಹೋಗಿದೆ. ತೀರ್ಥಹಳ್ಳಿ, ಸಾಗರ, ಶೃಂಗೇರಿಯ ಕಡೆ ಹಸಿ ಅಡಿಕೆಯನ್ನು ಸುಲಿದು, ಚೊಗರು ಹಾಕಿ ಬೇಯಿಸಿ, ಒಣಗಿಸಿ ರಾಶಿ, ಬೆಟ್ಟೆ ಮಾಡುವುದು ತಲೆಮಾರುಗಳಿಂದ ನಡೆದು ಬಂದಿದೆ. ಬೇಯಿಸಿದ ಮೇಲೆ ಅದು ಅಡಿಕೆಯಲ್ಲ, ಬೇರೊಂದು ತಯಾರಿಕೆ ಎಂದು ಸುಗ್ಗಿಯ ಕೊಪ್ಪರಿಗೆಯ ಮುಂದೆ ಕೂತ ಯಾರೂ ಒಪ್ಪಲಾರರು. ಅಬಕಾರಿ ಸುಂಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ 2007ರಲ್ಲಿ, ಅಡಿಕೆಯನ್ನು ಚೂರು ಮಾಡಿ ಎಣ್ಣೆ, ಸಿಹಿ ಬೆರೆಸಿದರೂ ಅದು ಅಡಿಕೆಯಾಗಿಯೇ ಉಳಿಯುತ್ತದೆ ಎಂಬ ಅರ್ಥದ ತೀರ್ಪು ನೀಡಿತ್ತು. ಆಮದಿನ ವರ್ಗೀಕರಣದ ಕಾನೂನು ಅದಕ್ಕಿಂತ ಬೇರೆ ಎಂಬುದು ನನಗೆ ಗೊತ್ತಿದೆ. ಆದರೆ ಮೂಲದ ನಿಯಮವನ್ನು ‘ಸಂಕೇತ ಬದಲಾದರೆ ಮೂಲ ಬದಲಾಯಿತು’ ಎಂಬ ಒಂದೇ ಸೂತ್ರಕ್ಕೆ ಕಟ್ಟಿಹಾಕಿದರೆ, ವರ್ಗೀಕರಣದಲ್ಲಿ ಸೋತ ಪ್ರತಿಯೊಂದು ವಿವಾದವೂ ಮೂಲದಲ್ಲಿಯೂ ನಮ್ಮನ್ನು ಸೋಲಿಸುತ್ತದೆ. ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳ ಬೆಳೆಗಳಿಗೆ, ಅವುಗಳನ್ನು ಬೇಯಿಸಿ, ಹುರಿದು, ಕತ್ತರಿಸಿ, ಪುಡಿ ಮಾಡಿ, ಮಿಶ್ರಣ ಮಾಡಿ ಪಡೆದ ಸರಕುಗಳಿಗೆ, ಬೆಳೆದ ನೆಲವೇ ಮೂಲ ಎಂದು ಪ್ರತ್ಯೇಕ ನಿಯಮ ಬರೆಯಬೇಕು.

ಇದು ಆಗದ ಮಾತೇನಲ್ಲ. ಯುನೈಟೆಡ್ ಅರಬ್ ಎಮಿರೇಟ್ಸ್‌ನೊಂದಿಗೆ 2022ರ ಮೇ 1ರಿಂದ, ಆಸ್ಟ್ರೇಲಿಯಾದೊಂದಿಗೆ ಅದೇ ವರ್ಷದ ಡಿಸೆಂಬರ್ 29ರಿಂದ ಜಾರಿಯಲ್ಲಿರುವ ಒಪ್ಪಂದಗಳಲ್ಲಿ ಒಂದೊಂದು ಬಗೆಯ ಸರಕಿಗೆ ಒಂದೊಂದು ನಿಯಮ ಬರೆದ ಉದ್ದದ ಪಟ್ಟಿಗಳಿವೆ. ಅಲ್ಲಿ ಸಾಧ್ಯವಾದದ್ದು ಆಸಿಯಾನ್‌ನಲ್ಲಿ ಅಸಾಧ್ಯ ಎನ್ನಲು ಕಾರಣವಿಲ್ಲ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಆಸಿಯಾನ್, ಚೀನಾ ಮೊದಲಾದ ದೇಶಗಳ ವಿಶಾಲ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯ ಮಾತುಕತೆಯಿಂದ ಭಾರತ ಹೊರಬಂದಾಗ, ಮೂಲದ ನಿಯಮಗಳ ದುರ್ಬಳಕೆಯ ಭಯವೂ ಅದಕ್ಕೊಂದು ಕಾರಣವಾಗಿತ್ತು. ಆ ಒಪ್ಪಂದದ ವಿರುದ್ಧ ನಮ್ಮ ರಾಜ್ಯದ ಹಾಲು ಉತ್ಪಾದಕರೂ ಅಡಿಕೆ ಬೆಳೆಗಾರರೂ ಬೀದಿಗಿಳಿದದ್ದು ನೆನಪಿರಬಹುದು. ಒಳಗೆ ಹೋಗದಿರಲು ಕಾರಣವಾದ ಭಯವನ್ನು, ಈಗಾಗಲೇ ಒಳಗಿರುವ ಒಪ್ಪಂದವನ್ನು ತಿದ್ದುವಾಗ ಮರೆಯುವುದು ಸರಿಯಲ್ಲ.

ನಿಯಮ ಬಿಗಿಯಾಗಲಿ ಎಂದಾಗ ಎದುರಾಗುವ ಆಕ್ಷೇಪ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಆದರೂ ಇನ್‌ಸ್ಟಂಟ್ ಕಾಫಿ ಮಾಡಿ ರಫ್ತು ಮಾಡುವ ನಮ್ಮ ದೇಶದ ಕಾರ್ಖಾನೆಗಳು ಹೊರಗಿನಿಂದ ರೋಬಸ್ಟಾ ಬೀಜ ತರಿಸುತ್ತವೆ. ಬೀಜ 9ನೆಯ ಅಧ್ಯಾಯ, ಇನ್‌ಸ್ಟಂಟ್ ಪುಡಿ 21ನೆಯ ಅಧ್ಯಾಯ. ನಾವು ಬಯಸುವ ನಿಯಮವನ್ನು ಕುರುಡಾಗಿ ಅನ್ವಯಿಸಿದರೆ ಅವರ ರಫ್ತಿಗೆ ಹೊಡೆತ ಬೀಳಬಹುದು. ನಮ್ಮ ರಫ್ತಿಗೆ ಒಂದು ಅಳತೆ, ಅವರ ರಫ್ತಿಗೆ ಇನ್ನೊಂದು ಅಳತೆ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಹುರಿದು, ಸಾರ ಇಳಿಸಿ, ನೀರು ಆವಿಯಾಗಿಸಿ, ಶೀತಲೀಕರಿಸಿ ಒಣಗಿಸುವ ಕಾರ್ಖಾನೆಯ ಕೆಲಸಕ್ಕೂ, ಗಿರಣಿಯಲ್ಲಿ ಒಂದು ಸುತ್ತು ತಿರುಗಿಸುವ ಕೆಲಸಕ್ಕೂ ವ್ಯತ್ಯಾಸ ಇದ್ದೇ ಇದೆ. ಆ ವ್ಯತ್ಯಾಸವನ್ನು ಅಕ್ಷರದಲ್ಲಿ ಹಿಡಿಯುವುದಕ್ಕಾಗಿಯೇ ಸರಕುವಾರು ನಿಯಮ ಬೇಕಾಗಿರುವುದು. ಮೆಣಸಿನ ಸಾರವಾದ ಓಲಿಯೋರೆಸಿನ್‌ಗೆ ಕಾರ್ಖಾನೆಯ ನಿಯಮ ಇರಲಿ, ಮೆಣಸಿನ ಪುಡಿಗೆ ತೋಟದ ನಿಯಮ ಇರಲಿ. ಮೌಲ್ಯದ ಲೆಕ್ಕ ಬೇಕಾದ ಕಡೆ ರಫ್ತುದಾರನ ಲಾಭವನ್ನು ಹೊರಗಿಟ್ಟು, ನಿಜವಾದ ಖರ್ಚಿನ ಮೇಲೆ ಲೆಕ್ಕ ಹಾಕುವಂತಾಗಲಿ.

ನಿಯಮದಷ್ಟೇ ಪರಿಶೀಲನೆಯೂ ಮುಖ್ಯ. 2020ರ ಬಜೆಟ್‌ನಲ್ಲಿ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಕಲಮು ಸೇರಿ, ಅದೇ ವರ್ಷದ ಸೆಪ್ಟೆಂಬರ್ 21ರಿಂದ ‘ಕ್ಯಾರೋಟಾರ್’ ಎಂದು ಕರೆಯುವ ನಿಯಮಾವಳಿ ಜಾರಿಗೆ ಬಂತು. ಅದಕ್ಕೆ ಮೊದಲು ಆಮದುದಾರನು ಹೊರದೇಶದ ಪ್ರಮಾಣಪತ್ರವನ್ನು ಲಗತ್ತಿಸಿ ಕೈತೊಳೆದುಕೊಳ್ಳಬಹುದಿತ್ತು; ನನ್ನ ಕಾಲದ ಕಡತಗಳೆಲ್ಲ ಹಾಗೆಯೇ ಇದ್ದವು. ಈಗ ಸರಕು ಹೇಗೆ ಆ ದೇಶದ್ದಾಯಿತು ಎಂಬ ಮಾಹಿತಿಯನ್ನು ಅವನೇ ಇಟ್ಟುಕೊಂಡಿರಬೇಕು, ಐದು ವರ್ಷ ಕಾಯ್ದುಕೊಂಡಿರಬೇಕು, ಅಧಿಕಾರಿ ಕೇಳಿದಾಗ ತೋರಿಸಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ 2025ರ ಮಾರ್ಚ್‌ನಲ್ಲಿ ಇದೇ ನಿಯಮಾವಳಿಯಲ್ಲಿ ‘ಮೂಲ ಪ್ರಮಾಣಪತ್ರ’ ಎಂಬ ಮಾತಿನ ಜಾಗದಲ್ಲಿ ‘ಮೂಲದ ಪುರಾವೆ’ ಎಂಬ ಹೆಚ್ಚು ವಿಶಾಲವಾದ ಮಾತು ಬಂದಿದೆ. ಐರೋಪ್ಯ ಮುಕ್ತ ವ್ಯಾಪಾರ ಸಂಘದ ನಾಲ್ಕು ದೇಶಗಳೊಂದಿಗಿನ ಒಪ್ಪಂದದಲ್ಲಿಯೂ, 2025ರ ಜುಲೈ 24ರಂದು ಬ್ರಿಟನ್‌ನೊಂದಿಗೆ ಸಹಿಯಾದ ಒಪ್ಪಂದದಲ್ಲಿಯೂ ರಫ್ತುದಾರನು ತಾನೇ ಮಾಡುವ ಘೋಷಣೆಗೆ ಅವಕಾಶವಿದೆ. ಯಂತ್ರೋಪಕರಣಗಳಿಗೆ, ಔಷಧಿಗಳಿಗೆ ಅದು ಅನುಕೂಲವಿರಬಹುದು. ಯಂತ್ರದ ಮೇಲೆ ತಯಾರಕನ ಹೆಸರು, ಕ್ರಮಸಂಖ್ಯೆ ಇರುತ್ತದೆ. ಮೆಣಸಿನ ಕಾಳಿನ ಮೇಲೆ ಏನೂ ಬರೆದಿರುವುದಿಲ್ಲ. ಚೀಲ ಬದಲಾದರೆ ದೇಶ ಬದಲಾಗಿಬಿಡುವ ಇಂಥ ಸರಕಿಗೆ ಸ್ವಯಂ ಘೋಷಣೆಯ ಸೌಲಭ್ಯವನ್ನು ಆಸಿಯಾನ್ ಒಪ್ಪಂದದಲ್ಲಿಯಾಗಲಿ, ಸಾಫ್ಟಾ ಚೌಕಟ್ಟಿನಲ್ಲಿಯಾಗಲಿ ವಿಸ್ತರಿಸಬಾರದು. ಪ್ರಮಾಣಪತ್ರವನ್ನು ಸರ್ಕಾರದ ಪ್ರಾಧಿಕಾರವೇ ಕೊಡಬೇಕು, ಬೆಳೆದ ಜಿಲ್ಲೆ ಮತ್ತು ಕೊಯ್ಲಿನ ವರ್ಷ ಅದರಲ್ಲಿ ನಮೂದಾಗಿರಬೇಕು. ಒಂದು ದೇಶದಲ್ಲಿ ವರ್ಷಕ್ಕೆ ಬೆಳೆಯುವ ಒಟ್ಟು ಪ್ರಮಾಣ, ಆ ದೇಶ ಎಲ್ಲ ಕಡೆಗೂ ಕಳಿಸಿದ ಪ್ರಮಾಣ, ಅಲ್ಲಿಯ ಜನರೇ ಬಳಸಿದ ಪ್ರಮಾಣ, ಈ ಮೂರನ್ನೂ ಎದುರುಬದುರು ಇಟ್ಟು ನೋಡುವ ಸರಳ ಲೆಕ್ಕ ಎಷ್ಟೋ ಸುಳ್ಳುಗಳನ್ನು ಪ್ರಯೋಗಾಲಯದ ಸಹಾಯವಿಲ್ಲದೆ ಬಯಲು ಮಾಡುತ್ತದೆ.

ತಡವಾಗಿ ಬರುವ ಉತ್ತರದ ವಿಷಯವನ್ನೂ ಹೇಳಬೇಕು. ಪ್ರಮಾಣಪತ್ರದ ಬಗ್ಗೆ ಸಂಶಯ ಬಂದು ನಮ್ಮ ಅಧಿಕಾರಿಗಳು ಆ ದೇಶಕ್ಕೆ ಬರೆದರೆ ಉತ್ತರ ಬರಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಭದ್ರತೆ ಕಟ್ಟಿ ಬಿಡಿಸಿಕೊಂಡ ಸರಕು ಮಸಾಲೆ ಪುಡಿಯಾಗಿ ಅಂಗಡಿ ಸೇರಿರುತ್ತದೆ. ಬೆಳೆಗಾರನು ಆ ವರ್ಷದ ಫಸಲನ್ನು ಇಳಿದ ಬೆಲೆಗೆ ಮಾರಿ ಸಾಲದ ಕಂತು ಕಟ್ಟಿರುತ್ತಾನೆ. ಮುಂದೆ ಪ್ರಮಾಣಪತ್ರ ಸುಳ್ಳೆಂದು ತೀರ್ಮಾನವಾಗಿ ಸುಂಕ, ದಂಡ ವಸೂಲಾದರೂ ಅದು ಬೊಕ್ಕಸಕ್ಕೆ ಸೇರುತ್ತದೆ, ನಷ್ಟವಾದವನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದುದರಿಂದ ಕೊಯ್ಲಿನ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಸಂಶಯ ಬಂದ ಮೆಣಸಿನ ಸರಕನ್ನು ಪರಿಶೀಲನೆ ಮುಗಿಯುವವರೆಗೆ ಸಾಮಾನ್ಯ ಸುಂಕ ಪೂರ್ತಿ ಕಟ್ಟಿಸಿಕೊಂಡೇ ಬಿಡುವ ವ್ಯವಸ್ಥೆ ಆಗಬೇಕು. ಪ್ರಾಮಾಣಿಕ ಆಮದುದಾರನಿಗೆ ಹಣ ಮರಳಿ ಸಿಗುತ್ತದೆ, ಬೆಳೆಗಾರನಿಗೆ ಕಳೆದುಹೋದ ಹಂಗಾಮು ಮರಳುವುದಿಲ್ಲ.

ಕೊನೆಯದಾಗಿ, ಇವನ್ನೆಲ್ಲ ಯಾರ ಮುಂದೆ ಹೇಳುವುದು ಎಂಬ ಪ್ರಶ್ನೆ. ಕೃಷಿ ರಾಜ್ಯದ ವಿಷಯ, ಹೊರದೇಶದ ವ್ಯಾಪಾರ ಕೇಂದ್ರದ ವಿಷಯ. ಒಪ್ಪಂದದ ಪರಿಷ್ಕರಣೆಯ ವ್ಯಾಪ್ತಿಯನ್ನು 2022ರಲ್ಲಿ ಸಚಿವರ ಮಟ್ಟದಲ್ಲಿ ಒಪ್ಪಿಕೊಂಡು, 2025ರೊಳಗೆ ಮುಗಿಸುವ ಗುರಿಯನ್ನು 2023ರಲ್ಲಿ ಇಟ್ಟುಕೊಳ್ಳಲಾಯಿತು. ಇಷ್ಟು ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಬೆಳೆಗಾರರ ಯಾವ ಸಭೆಯಲ್ಲಿಯೂ ‘ಮೆಣಸಿಗೆ ಎಂಥ ಮೂಲದ ನಿಯಮ ಬೇಕು’ ಎಂದು ಯಾರೂ ಬಂದು ಕೇಳಿದ್ದನ್ನು ನಾನು ಕಂಡಿಲ್ಲ. ದೇಶದಲ್ಲಿ ಅತಿ ಹೆಚ್ಚು ಕಾಳುಮೆಣಸನ್ನೂ, ಅತಿ ಹೆಚ್ಚು ಅಡಿಕೆಯನ್ನೂ, ಅತಿ ಹೆಚ್ಚು ಕಾಫಿಯನ್ನೂ ಬೆಳೆಯುವ ರಾಜ್ಯ ಇದು. ನಮ್ಮ ಸಂಸದರು ಪಕ್ಷಭೇದ ಮರೆತು ವಾಣಿಜ್ಯ ಸಚಿವಾಲಯವನ್ನು ಕೇಳಬೇಕಾದದ್ದು ಎರಡೇ: ಎಂಟು, ಒಂಬತ್ತು ಮತ್ತು ಇಪ್ಪತ್ತೊಂದನೆಯ ಅಧ್ಯಾಯಗಳಿಗೆ ಪ್ರಸ್ತಾಪಿಸಿರುವ ಮೂಲದ ನಿಯಮಗಳ ಕರಡನ್ನು ಸಹಿಗೆ ಮೊದಲು, ಕನ್ನಡದಲ್ಲಿಯೂ, ಪ್ರಕಟಿಸಬೇಕು, ಯಾವ ದೇಶದಿಂದ, ಯಾವ ಒಪ್ಪಂದದ ರಿಯಾಯಿತಿಯಡಿ ಎಷ್ಟು ಮೆಣಸು, ಅಡಿಕೆ ಬಂತು, ಅವುಗಳಲ್ಲಿ ಎಷ್ಟು ಪ್ರಮಾಣಪತ್ರಗಳು ಪರಿಶೀಲನೆಯಲ್ಲಿ ತಿರಸ್ಕೃತವಾದವು ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಹೊರಹಾಕಬೇಕು. ತಮ್ಮ ಪತ್ರಿಕೆಯ ವರದಿಗಾರರು ಮುಂದಿನ ಸುತ್ತಿನ ಮಾತುಕತೆಯ ಸುದ್ದಿ ಬರೆಯುವಾಗ ಸುಂಕದ ಅಂಕಿಗಳ ಜೊತೆಗೆ ಈ ಕರಡಿನ ಬಗ್ಗೆಯೂ ವಿಚಾರಿಸಿದರೆ ನಮ್ಮ ಕಡೆಯ ಸಾವಿರಾರು ಕುಟುಂಬಗಳಿಗೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೆಣಸು ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ